ಆ ಕೆಂಪನ್ನು ಕಂಡೂ ಮುಂದೆ ಹೋಗಬೇಡಿ

ಹತ್ತಿಕುಣಿಯ ಸುತ್ತಮುತ್ತ ಕಣ್ಣು ಕೆಂಪಗಾಗದ ದುಡಿಯುವ ಮನುಷ್ಯನನ್ನು ಹುಡುಕುವುದು ಕಷ್ಟ. ತೊಗರಿ ರಾಶಿ ಮಾಡುವಾಗ ಹಾರುವ ಹೊಟ್ಟು, ಹತ್ತಿ ಬಿಡಿಸುವಾಗ ಮುಖಕ್ಕೆ ಮೆತ್ತುವ ಎಳೆ, ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ಘಾಟು, ಕಟ್ಟಿಗೆ ಒಲೆಯ ಹೊಗೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟಿ ಸುಡುವ ಬಿಸಿಲು, ಇವೆಲ್ಲ ಸೇರಿ ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಕೆಂಪು ಕಣ್ಣು ಎಷ್ಟು ಮಾಮೂಲಾಗಿದೆ ಎಂದರೆ, ಅದು ಎದುರಿಗೇ ಬಂದು ಕೂತರೂ ನಾವು ಗಮನಿಸುವುದಿಲ್ಲ. "ಧೂಳ ಹೊಕ್ಕಿರಬೇಕು ಬಿಡು" ಅನ್ನುತ್ತೇವೆ. "ನಿದ್ದಿ ಇಲ್ಲದ್ದಕ್ಕ ಹಂಗಾಗ್ಯದ, ನಾಳಿಗಿ ಹೋಗ್ತದ" ಅನ್ನುತ್ತೇವೆ. ಬಹಳ ಸಲ ನಾಳೆಗೆ ಹೋಗಿಯೂ ಬಿಡುತ್ತದೆ. ಹಾಗೆ ಹೋಗದೆ ಉಳಿದ ಕೆಂಪಿನ ಬಗ್ಗೆ, ಅದರಲ್ಲೂ ಗ್ಲಾಕೋಮಾ ಇರುವ ಕಣ್ಣಿನಲ್ಲಿ ಉಳಿದುಬಿಟ್ಟ ಕೆಂಪಿನ ಬಗ್ಗೆ, ಕೈಮುಗಿದು ನಿಮ್ಮ ಹತ್ತಿರ ಮಾತಾಡಬೇಕಾಗಿದೆ.

ನಿಮ್ಮ ಹತ್ತಿರವೇ ಯಾಕೆಂದರೆ, ಮನೆಯಲ್ಲಿ ಚೀಟಿ ಓದಬಲ್ಲವರು ನೀವು. ಆಸ್ಪತ್ರೆಯ ಕೌಂಟರಿನ ಮುಂದೆ ಆಧಾರ್ ಕಾರ್ಡು, ರೇಷನ್ ಕಾರ್ಡು ಹಿಡಿದು ನಿಲ್ಲುವವರು ನೀವು. ಯಾದಗಿರಿಯಲ್ಲಿ ನೌಕರಿ ಮಾಡುತ್ತಿರಬಹುದು, ಕಲಬುರಗಿಯಲ್ಲಿ ಮನೆ ಮಾಡಿರಬಹುದು, ಬೆಂಗಳೂರಿನಿಂದ ವಾರಕ್ಕೊಮ್ಮೆ ಊರಿಗೆ ಫೋನ್ ಮಾಡುತ್ತಿರಬಹುದು. ಊರಲ್ಲಿ ಉಳಿದ ಮುತ್ಯಾ, ಆಯಿಯ ಕಣ್ಣಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮದೇ. ಅವರು ಕೇಳುವವರಲ್ಲ. "ಹುಡುಗರಿಗೆ ಯಾಕ ತ್ರಾಸ ಕೊಡಬೇಕು" ಎಂದು ನೋವು ನುಂಗಿಕೊಂಡು ಕೂತವರು. ಅವರ ಪರವಾಗಿ ಕೇಳಬೇಕಾದವರು ನೀವೇ ಎಂಬುದು ನಿಮಗೆ ಗೊತ್ತು.

ಗ್ಲಾಕೋಮಾ ಸದ್ದಿಲ್ಲದೆ ಬರುವ ರೋಗ. ನಮ್ಮ ಜನ ಅದನ್ನು ಕಣ್ಣಿನ ಬಿಪಿ ಅನ್ನುತ್ತಾರೆ, ಆ ಹೆಸರು ರೋಗಕ್ಕೆ ಸಮೀಪವೇ ಇದೆ. ಕಣ್ಣಿನೊಳಗೆ ಒಂದು ತಿಳಿನೀರು ಸದಾ ಹುಟ್ಟುತ್ತಿರುತ್ತದೆ, ಹುಟ್ಟಿದಷ್ಟೂ ಸಣ್ಣ ಜಾಲರಿಯೊಂದರ ಮೂಲಕ ಹೊರಗೆ ಹರಿದುಹೋಗುತ್ತಿರುತ್ತದೆ. ಹರಿವಿಗೆ ಅಡ್ಡಿಯಾದರೆ ಒಳಗಿನ ಒತ್ತಡ ಏರುತ್ತದೆ, ಏರಿದ ಒತ್ತಡ ಕಣ್ಣಿನ ಹಿಂದಿನ ನರವನ್ನು ಹಿಂಡುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ಆ ನರದಲ್ಲಿ ಒಮ್ಮೆ ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ. ಪಕ್ಕದಿಂದ ಬಂದ ಎತ್ತು ಕಾಣುವುದಿಲ್ಲ, ಹೊಸ್ತಿಲು ಎಡವುತ್ತದೆ, ಆದರೂ ನೇರ ನೋಟ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು ತಮಿಳುನಾಡಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದಾಗ, ಗ್ಲಾಕೋಮಾ ಇದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ಆ ರೋಗ ಇರುವುದೇ ತಿಳಿದಿರಲಿಲ್ಲ. ನಮ್ಮ ಕಡೆಯ ಸ್ಥಿತಿ ಅದಕ್ಕಿಂತ ಚೆನ್ನಾಗಿರಲಿಕ್ಕಿಲ್ಲ. ಮಂಜಾಯಿತು ಎಂದರೆ "ಪರಿ ಬಂದದ, ಹಣ್ಣಾಗಲಿ, ಆಮ್ಯಾಲ ತೆಗಿಸಿದರಾಯ್ತು" ಎಂದು ಕಾಯುತ್ತೇವೆ. ಕಾದ ಅಷ್ಟೂ ದಿನ ಆ ನರ ಎಳೆ ಎಳೆಯಾಗಿ ಸಾಯುತ್ತಿರುತ್ತದೆ.

ಕಣ್ಣಿನ ಆಪರೇಷನ್ ಎಂದರೆ ನಮ್ಮ ನೆನಪಿಗೆ ಬರುವುದು ಪೊರೆಯ ಆಪರೇಷನ್ನು. ಆ ನೆನಪಿಗೆ ಒಂದು ದೊಡ್ಡ ಹೆಸರೂ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹಾಕಿ, ಬಡವರ ಕಣ್ಣಿಗೆ ಕಾಸಿಲ್ಲದೆ ಬೆಳಕು ಕೊಟ್ಟವರು, 2005ರಲ್ಲಿ ತೀರಿಕೊಳ್ಳುವವರೆಗೂ ಉತ್ತರ ಕರ್ನಾಟಕದ ಮನೆಮನೆಯಲ್ಲಿ ದೇವರ ಪಕ್ಕದ ಜಾಗ ಪಡೆದಿದ್ದವರು. ಆ ಶಿಬಿರಗಳಿಂದ ನಾವು ಕಲಿತದ್ದು ಇಷ್ಟು: ಕುರುಡನಾಗಿ ಹೋದವನು ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಗನ ಮುಖ ನೋಡುತ್ತಾನೆ, ಕನ್ನಡಕ ಹಾಕಿಕೊಂಡು ಮನೆಗೆ ಬರುತ್ತಾನೆ, ಅಲ್ಲಿಗೆ ಮುಗಿಯಿತು. ಪೊರೆಗೆ ಅದು ನಿಜ. ಗ್ಲಾಕೋಮಾದ ಆಪರೇಷನ್ ಹೋದ ನೋಟವನ್ನು ತರುವುದಿಲ್ಲ, ಇರುವ ನೋಟವನ್ನು ಕಾಯುತ್ತದೆ. ಆಪರೇಷನ್ ಆದ ಮೇಲೂ ಮುತ್ಯಾನಿಗೆ ಮೊದಲಿಗಿಂತ ಹೆಚ್ಚು ಕಾಣದಿದ್ದಾಗ ಮನೆಯವರ ಮನಸ್ಸು ಇಳಿದುಹೋಗುತ್ತದೆ. "ಇಷ್ಟು ಖರ್ಚು ಮಾಡಿದ್ರೂ ಏನೂ ಫರಕ್ ಇಲ್ಲ" ಎಂಬ ಮಾತು ಹೊರಬೀಳುತ್ತದೆ. ಆ ಮಾತು ಕೇಳಿಸಿಕೊಂಡ ಮುತ್ಯಾ ಮುಂದಿನ ತಿಂಗಳ ತಪಾಸಣೆಯ ಸುದ್ದಿ ಎತ್ತುವುದಿಲ್ಲ.

ಆ ಆಪರೇಷನ್ನಿನಲ್ಲಿ ಏನು ಮಾಡುತ್ತಾರೆಂದು ತಿಳಿದರೆ ಕೆಂಪಿನ ಭಯ ನಿಮಗೂ ಅರ್ಥವಾದೀತು. ಟ್ರಾಬೆಕ್ಯುಲೆಕ್ಟಮಿ ಎಂದು ಅದರ ಹೆಸರು, 1968ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಡಾ. ಕೇರ್ನ್ಸ್ ವಿವರಿಸಿದ ಪದ್ಧತಿ, ಇವತ್ತಿಗೂ ಜಗತ್ತು ನೆಚ್ಚಿಕೊಂಡಿರುವ ಪದ್ಧತಿ. ಮೇಲಿನ ರೆಪ್ಪೆಯ ಅಡಿಯಲ್ಲಿ, ಕಣ್ಣಿನ ಬಿಳಿಯ ಗೋಡೆಯಲ್ಲಿ ಒಂದು ಸಣ್ಣ ಮುಚ್ಚಳ ಕತ್ತರಿಸಿ, ಒಳಗಿನ ನೀರು ಜಿನುಗಲು ಹೊಸ ದಾರಿ ಮಾಡುತ್ತಾರೆ. ಜಿನುಗಿದ ನೀರು ಬಿಳಿಯ ಮೇಲಿನ ತೆಳು ಪೊರೆಯ ಕೆಳಗೆ ಸಣ್ಣ ಗುಳ್ಳೆಯಾಗಿ ನಿಂತು ನಿಧಾನವಾಗಿ ಇಂಗಿಹೋಗಬೇಕು. ಹತ್ತಿಕುಣಿ ಜಲಾಶಯದ ನೀರಿನಲ್ಲಿ ಬೆಳೆ ತೆಗೆಯುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೂಬು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಬಾಯಿಗೆ ಹೂಳು ತುಂಬಿಕೊಂಡರೆ ನೀರು ಹರಿಯುವುದಿಲ್ಲ. ಈ ಕಣ್ಣಿನಲ್ಲಿ ಹೂಳು ಎಂದರೆ ಗಾಯದ ಕಲೆ. ಬೇರೆ ಯಾವ ಆಪರೇಷನ್ನಿನಲ್ಲಾದರೂ ಗಾಯ ಬೇಗ ಮಾಯಲಿ ಎಂದು ಹರಕೆ ಹೊರುತ್ತೇವೆ, ಇಲ್ಲಿ ಮಾತ್ರ ಗಾಯ ಪೂರ್ತಿ ಕೂಡಿಕೊಂಡರೆ ಆಪರೇಷನ್ನೇ ಸೋತಂತೆ. ಉರಿಯೂತ ಇರುವ ಕಣ್ಣು ಗಾಯವನ್ನು ಕೂಡಿಸಲು ಅವಸರಪಡುತ್ತದೆ. ಕೆಂಪಾದ ಪೊರೆಯಲ್ಲಿ ಕಲೆ ಕಟ್ಟುವ ಜೀವಕೋಶಗಳು ಮೊದಲೇ ಜಮಾಯಿಸಿರುತ್ತವೆ, ಕತ್ತರಿ ಬಿದ್ದ ಕೂಡಲೇ ಕೆಲಸಕ್ಕೆ ಇಳಿಯುತ್ತವೆ. ಅವುಗಳ ಕೈ ತಡೆಯಲೆಂದೇ ವೈದ್ಯರು ಮೈಟೋಮೈಸಿನ್ ಎಂಬ ಔಷಧವನ್ನು ಆಪರೇಷನ್ ಹೊತ್ತಿನಲ್ಲಿ ಅಲ್ಲಿ ತಾಗಿಸುತ್ತಾರೆ, ಆದರೂ ಉರಿಯುತ್ತಿರುವ ಕಣ್ಣು ಎಷ್ಟೋ ಸಲ ಅದನ್ನೂ ಮೀರಿಬಿಡುತ್ತದೆ.

ಇದು ಬರಿಯ ಊಹೆ ಅಲ್ಲ. 1994ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ಡೇವಿಡ್ ಬ್ರಾಡ್‌ವೇ ಮತ್ತು ಜೊತೆಗಾರರು, ವರ್ಷಗಟ್ಟಲೆ ಹಲವು ಬಗೆಯ ಡ್ರಾಪ್ಸ್ ಬಿಟ್ಟುಕೊಂಡವರ ಕಣ್ಣಿನ ಬಿಳಿಯ ಮೇಲಿನ ತೆಳು ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿ ಉರಿಯೂತದ ಕೋಶಗಳು ಹೆಚ್ಚಿದ್ದವು, ಅಂಥವರಲ್ಲಿ ಆಪರೇಷನ್ ಸೋಲುವುದೂ ಹೆಚ್ಚಿತ್ತು. ಒತ್ತಡ ಇಳಿಸುವ ಔಷಧವೇ, ಅದರಲ್ಲೂ ಬಾಟಲಿ ಕೆಡದಿರಲೆಂದು ಸೇರಿಸುವ ಬೆಂಜಾಲ್ಕೋನಿಯಂ ಎಂಬ ರಾಸಾಯನಿಕ, ದಿನಕ್ಕೆ ಮೂರು ನಾಲ್ಕು ಸಲ ವರ್ಷಾನುಗಟ್ಟಲೆ ಬಿದ್ದರೆ ಕಣ್ಣಿನ ಮೇಲ್ಮೈಯನ್ನು ಕೆರಳಿಸುತ್ತದೆ. ಎರಡು ವರ್ಷದ ನಂತರ ಅದೇ ತಂಡ ತೋರಿಸಿದ ಇನ್ನೊಂದು ಸಂಗತಿಯಲ್ಲಿ ಆಸೆ ಇದೆ: ಆಪರೇಷನ್ನಿಗೆ ತಿಂಗಳು ಮೊದಲೇ ಕೆರಳಿಸುವ ಡ್ರಾಪ್ಸ್ ನಿಲ್ಲಿಸಿ, ಉರಿಯೂತ ಇಳಿಸುವ ಔಷಧ ಕೊಟ್ಟರೆ ಆ ಕೆಂಪು ಇಳಿಯುತ್ತದೆ. 2010ರಲ್ಲಿ ಬೆಲ್ಜಿಯಂನ ಲೂವೆನ್‌ನಿಂದ ಪ್ರಕಟವಾದ ಪ್ರಯೋಗವೂ ಇದನ್ನೇ ಹೇಳಿತು. ತಿಂಗಳ ಮುಂಚಿನಿಂದ ಉರಿಯೂತ ಇಳಿಸುವ ಔಷಧ ಹಾಕಿಕೊಂಡವರಿಗೆ ಆಪರೇಷನ್ ನಂತರ ಕಲೆ ಬಿಡಿಸಲು ಸೂಜಿ ಹಾಕುವ ಪ್ರಸಂಗ ಕಡಿಮೆ ಬಂತು. ಒಂದು ತಿಂಗಳು. ಆ ಒಂದು ತಿಂಗಳ ಸಿದ್ಧತೆ ಯಾದಗಿರಿಯ ಮುತ್ಯಾನಿಗೂ ಸಿಗಬೇಕಲ್ಲವೇ? ಯಾವ ಡ್ರಾಪ್ಸ್ ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು ಎಂದು ಹೇಳಬೇಕಾದವರು ವೈದ್ಯರು, ಮನೆಯಲ್ಲಿ ಯಾರೂ ತಾವಾಗಿ ನಿಲ್ಲಿಸಬಾರದು, ನಿಲ್ಲಿಸಿದರೆ ಒತ್ತಡ ಏರಿ ಇರುವುದೂ ಹೋದೀತು. ಆದರೆ "ಡಾಕ್ಟರ್ ಸಾಹೇಬ್ರ, ಕಣ್ಣು ಕೆಂಪದ, ಆಪರೇಷನ್ನಿಗಿಂತ ಮೊದಲು ಇದನ್ನ ಇಳಿಸಬೇಕೇನ್ರಿ?" ಎಂದು ಕೇಳಬಹುದು. ಆ ಪ್ರಶ್ನೆ ಕೇಳಲು ಒಬ್ಬರು ಜೊತೆಗೆ ಹೋಗಬೇಕು. ಮುತ್ಯಾ ತಾನಾಗಿ ಕೇಳುವುದಿಲ್ಲ, ಅದು ನಿಮಗೆ ಗೊತ್ತು.

ಇನ್ನೊಂದು ಕೆಂಪು ಇದಕ್ಕಿಂತ ಕ್ರೂರವಾದದ್ದು, ಕಣ್ಣಿನ ಒಳಗೇ ಹುಟ್ಟುವ ಉರಿಯೂತ. ವೈದ್ಯರು ಅದನ್ನು ಯುವಿಯೈಟಿಸ್ ಅನ್ನುತ್ತಾರೆ. ಕ್ಷಯದಿಂದ ಬರಬಹುದು, ಕುಷ್ಠದಿಂದ ಬರಬಹುದು, ಕೀಲುನೋವಿನ ಜೊತೆಗೂ ಬರಬಹುದು. 1993ರಲ್ಲಿ ಮಧುರೈ ಸೀಮೆಯಲ್ಲಿ ಪ್ರವಾಹ ಬಂದು ಇಲಿಜ್ವರ ಹರಡಿದ ಮೇಲೆ, ಮರುವರ್ಷ ಅನೇಕರು ಈ ಒಳ ಉರಿಯೂತ ಹೊತ್ತು ಅರವಿಂದ ಆಸ್ಪತ್ರೆಗೆ ಬಂದರು. ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರನ್ನು ಹುಡುಕಿಕೊಂಡು ಬರುವ ಜ್ವರ ಅದು. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಶಹಾಪುರ, ಸುರಪುರದ ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳನ್ನು ನೆನೆದಾಗ ನನಗೆ ಆ ಸುದ್ದಿ ದೂರದ್ದು ಅನ್ನಿಸುವುದಿಲ್ಲ. ಬೆಳಕು ನೋಡಲಾಗದೆ ಸೆರಗು ಮುಖದ ಮೇಲೆ ಎಳೆದುಕೊಂಡು ಕತ್ತಲ ಮೂಲೆಯಲ್ಲಿ ಕೂತ ಹೆಣ್ಣುಮಗಳನ್ನು ಕಂಡರೆ, ಅದು ಧೂಳಿನ ಕೆಂಪಲ್ಲ ಎಂದು ತಿಳಿಯಿರಿ. ಈ ಉರಿಯೂತ ಒಳಗಿನ ಜಾಲರಿಯನ್ನು ಕಟ್ಟಿ ಒತ್ತಡ ಏರಿಸುತ್ತದೆ, ಏರಿದ ಒತ್ತಡಕ್ಕೆ ಆಪರೇಷನ್ ಮಾಡಿದರೆ ಅದೇ ಉರಿಯೂತ ಹೊಸ ದಾರಿಯನ್ನೂ ಮುಚ್ಚುತ್ತದೆ. ಅದಕ್ಕೇ ವೈದ್ಯರು ಸಾಧ್ಯವಾದಲ್ಲೆಲ್ಲ ಸುಮಾರು ಮೂರು ತಿಂಗಳಾದರೂ ಕಣ್ಣು ಶಾಂತವಾಗಿರುವವರೆಗೆ ಕಾಯುತ್ತಾರೆ. "ಇವತ್ತ ಯಾಕ ಮಾಡಲಿಲ್ಲ, ಸುಮ್ಮ ಸುಮ್ಮನ ತಿರುಗಾಡಸ್ತಾರ" ಎಂದು ಅವರ ಮೇಲೆ ಸಿಟ್ಟಾಗಬೇಡಿ, ಆ ಕಾಯುವಿಕೆಯೂ ಚಿಕಿತ್ಸೆಯೇ. ಕೆಲವರಿಗೆ ಈ ಆಪರೇಷನ್ ಹಿಡಿಯದಿದ್ದರೆ ಸಣ್ಣ ನಳಿಕೆ ಕೂರಿಸುವ ದಾರಿಯೂ ಇದೆ. ಮಧುರೈನ ಆರೋಲ್ಯಾಬ್ 2013ರಿಂದ ಅಂಥದೊಂದನ್ನು ಬಡವರಿಗೆ ಎಟಕುವ ಬೆಲೆಯಲ್ಲಿ ಮಾಡುತ್ತಿದೆ.

ಔಷಧಿ ಅಂಗಡಿಯ ಅಣ್ಣತಮ್ಮಂದಿರೇ, ಈಗ ನಿಮ್ಮ ಕಡೆ ತಿರುಗಿ ಒಂದು ಮಾತು. ನಿಮ್ಮ ಮೇಲೆ ಸಿಟ್ಟಿಲ್ಲ. ನಡುರಾತ್ರಿ ಬಾಗಿಲು ಬಡಿದರೂ ಎದ್ದು ಜ್ವರದ ಗುಳಿಗೆ ಕೊಟ್ಟವರು ನೀವು, ಸಾಲ ಬರೆದುಕೊಂಡು ಕೇಳದೆ ಬಿಟ್ಟವರು ನೀವು. "ಕಣ್ಣು ಉರಿಲಿಕ್ಕತ್ತಾವ, ಒಂದು ಡ್ರಾಪ್ಸ್ ಕೊಡೋ ತಮ್ಮಾ" ಎಂದು ಬಂದಾಗ, ಕೂಡಲೇ ಹಾಯೆನಿಸುವ ಸ್ಟೀರಾಯ್ಡ್ ಬಾಟಲಿಯ ಕಡೆ ನಿಮ್ಮ ಕೈ ಹೋಗುತ್ತದೆ. ಒಂದೇ ದಿನದಲ್ಲಿ ಕೆಂಪು ಇಳಿಯುತ್ತದೆ, ಅವರು ನಿಮ್ಮನ್ನು ಹರಸುತ್ತಾರೆ, ಮುಂದಿನ ಸಲ ಖಾಲಿ ಬಾಟಲಿ ತೋರಿಸಿ ಅದನ್ನೇ ಒಯ್ಯುತ್ತಾರೆ. ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಔಷಧ ಎಂದು ಬಾಟಲಿಯ ಮೇಲೇ ಬರೆದಿದೆ, ನಿಮಗದು ಗೊತ್ತು. ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಅದೇ ಔಷಧ ಒಳಗಿನ ಜಾಲರಿಯನ್ನು ಬಿಗಿದು ಗ್ಲಾಕೋಮಾ ತರಬಹುದು, ನೋವಿಲ್ಲದೆ, ಕೆಂಪಿಲ್ಲದೆ. ನನ್ನ ಕರುಳು ಹಿಂಡುವುದು ಮಕ್ಕಳ ಸಂಗತಿ. ಬೇಸಿಗೆ ಬಂತೆಂದರೆ ಕಣ್ಣು ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಳ್ಳುವ ಹುಡುಗರು ನಮ್ಮ ಶಾಲೆಗಳಲ್ಲಿ ತುಂಬಿದ್ದಾರೆ. ತುರಿಕೆ ತಾಳಲಾರದೆ ಅವ್ವ ತಂದುಕೊಟ್ಟ ಆ ಬಾಟಲಿಯನ್ನು ವರ್ಷ ವರ್ಷ ಬಿಟ್ಟುಕೊಂಡ ಹುಡುಗ, ಬೋರ್ಡಿನ ಅಕ್ಷರ ಮಸುಕಾಗಿದೆ ಎಂದು ಹೇಳುವ ಹೊತ್ತಿಗೆ ನರ ಬೆಳ್ಳಗಾಗಿರುತ್ತದೆ. ಅವನಿಗೂ ಅದೇ ಆಪರೇಷನ್ ಬೇಕಾಗಬಹುದು. ಎಳೆಯ ಮೈಯಲ್ಲಿ ಗಾಯ ಇನ್ನೂ ಬೇಗ ಕೂಡಿಕೊಳ್ಳುತ್ತದೆ, ತಿಕ್ಕಿ ತಿಕ್ಕಿ ಕೆರಳಿದ ಕಣ್ಣಿನಲ್ಲಿ ಮತ್ತೂ ಬೇಗ. ಆ ಹುಡುಗನಿಗೆ ಏನು ಮಾಡಿದೆವು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅವನಿಗಂತೂ ಕೇಳಲು ಗೊತ್ತಿಲ್ಲ.

ಅದೇ ಸ್ಟೀರಾಯ್ಡ್ ಆಪರೇಷನ್ ಆದ ಮೇಲೆ ಕಣ್ಣು ಉಳಿಸುವ ಔಷಧವಾಗುತ್ತದೆ, ಗೊಂದಲವೂ ಇಲ್ಲಿಂದಲೇ ಶುರುವಾಗುತ್ತದೆ. ಹೊಸ ದಾರಿ ಮುಚ್ಚದಿರಲೆಂದು ವೈದ್ಯರು ಅದನ್ನು ಮೊದಮೊದಲು ಎರಡು ಗಂಟೆಗೊಮ್ಮೆ, ಆಮೇಲೆ ಕಡಿಮೆ ಮಾಡುತ್ತಾ ಎರಡು ಮೂರು ತಿಂಗಳವರೆಗೂ ಬಿಡಲು ಹೇಳುತ್ತಾರೆ. ಚೀಟಿ ಇಲ್ಲದೆ ಕೊಂಡರೆ ಕಣ್ಣು ಕಳೆಯುವ ಔಷಧ, ಚೀಟಿಯಂತೆ ಬಿಡದಿದ್ದರೂ ಕಣ್ಣು ಕಳೆಯುತ್ತದೆ. ಇದನ್ನು ಅಕ್ಷರ ಬಾರದ ಎಪ್ಪತ್ತರ ಆಯಿ ಒಬ್ಬಳೇ ತಿಳಿದುಕೊಳ್ಳಲಿ ಎಂದು ಬಿಟ್ಟು ಹೋಗುವುದು ಹೇಗೆ?

ಆಕೆ ಡ್ರಾಪ್ಸ್ ಬಿಟ್ಟುಕೊಳ್ಳುವುದನ್ನು ಒಮ್ಮೆ ಹತ್ತಿರ ಕೂತು ನೋಡಿ. ಕಟ್ಟೆಯ ಮೇಲೆ ಗೋಡೆಗೆ ತಲೆ ಆನಿಸುತ್ತಾಳೆ. ಬೆರಳ ಗಿಣ್ಣು ಬಿಗಿದಿರುವುದರಿಂದ ಬಾಟಲಿ ಹಿಂಡಲು ಎರಡೂ ಕೈ ಬೇಕು, ರೆಪ್ಪೆ ಹಿಡಿಯಲು ಮೂರನೆಯ ಕೈ ಇಲ್ಲ. ಮೊದಲ ಹನಿ ಕೆನ್ನೆಗೆ ಬೀಳುತ್ತದೆ. ಎರಡನೆಯದು ಮೂಗಿನ ಪಕ್ಕ. ಬಾಟಲಿಯ ತುದಿ ರೆಪ್ಪೆಗೂದಲಿಗೆ ತಾಗುತ್ತದೆ, ಬೆಳಿಗ್ಗೆಯಷ್ಟೇ ಮೆಣಸಿನಕಾಯಿ ತೊಟ್ಟು ಬಿಡಿಸಿದ ಬೆರಳು ಕಣ್ಣಂಚಿಗೆ ತಗಲಿ ನೀರು ಧಾರೆಯಾಗಿ ಇಳಿಯುತ್ತದೆ, ಬಿದ್ದಿದ್ದರೆ ಮೂರನೆಯ ಹನಿಯೂ ಅದರಲ್ಲಿ ಕೊಚ್ಚಿಹೋಯಿತು. ಸೆರಗಿನಿಂದ ಒರೆಸಿಕೊಂಡು "ಆಯ್ತು" ಅನ್ನುತ್ತಾಳೆ. ತಿಂಗಳು ಬರಬೇಕಾದ ಬಾಟಲಿ ಹದಿನೈದು ದಿನಕ್ಕೆ ಮುಗಿಯುತ್ತದೆ. ಮಗ ರೊಕ್ಕ ಕಳಿಸುವವರೆಗೆ ಇನ್ನೊಂದು ಬರುವುದಿಲ್ಲ, ಆ ನಡುವಿನ ದಿನಗಳಲ್ಲಿ ರೆಪ್ಪೆಯ ಕೆಳಗೆ ಕಲೆ ತನ್ನ ಕೆಲಸ ಮುಗಿಸಿರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಆಪರೇಷನ್ನಿನ ಖರ್ಚಿಗೆ ಆದೀತು. ಸಂಜೆ ಆರು ಗಂಟೆಗೆ ಆಕೆಯ ರೆಪ್ಪೆ ಹಿಡಿಯುವ ಕೈಯನ್ನು ಯಾವ ಕಾರ್ಡೂ ಕೊಡಲಾರದು.

ಆಕೆಯ ಮಕ್ಕಳನ್ನು ನಾನು ದೂರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆಗೆ, ಮುಂಬೈಗೆ ಗುಳೆ ಹೋಗದೆ ಅವರಿಗೆ ಗತಿಯಿಲ್ಲ. ಆಪರೇಷನ್ ಆದ ಮೊದಲ ವಾರಗಳಲ್ಲಿ ಪದೇ ಪದೇ ತಪಾಸಣೆಗೆ ಬನ್ನಿ ಎಂದು ವೈದ್ಯರು ಹೇಳುತ್ತಾರೆ. ಬಿಗಿದ ಹೊಲಿಗೆಯನ್ನು ಲೇಸರ್‌ನಿಂದ ಸಡಿಲಿಸಲು, ಕಟ್ಟುತ್ತಿರುವ ಕಲೆಯನ್ನು ಸೂಜಿಯಿಂದ ಬಿಡಿಸಲು ಆ ಕೆಲವೇ ವಾರಗಳ ಅವಕಾಶವಿರುತ್ತದೆ. ಯಾದಗಿರಿಯಿಂದ ಕಲಬುರಗಿಗೆ ಎಂಬತ್ತು ಕಿಲೋಮೀಟರ್ ಆಸುಪಾಸು, ರಾಯಚೂರಿಗೂ ಸುಮಾರು ಅಷ್ಟೇ, ಹೈದರಾಬಾದ್ ಎಂದರೆ ರಾತ್ರಿ ಪಯಣ. ಒಂದು ತಪಾಸಣೆ ಎಂದರೆ ಇಬ್ಬರ ಎರಡು ದಿನದ ಕೂಲಿ. ಹೋಗದವರನ್ನು ಬೈಯುವುದು ಸುಲಭ. ಆದರೆ ಅದೇ ಓಣಿಯಲ್ಲಿ ಬೈಕ್ ಇರುವವರು ನೀವಿದ್ದೀರಿ. ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ಬರುವ ಮೇಷ್ಟ್ರು, ಪಂಚಾಯಿತಿ ಸದಸ್ಯರು, ದಿನಾ ಮನೆಮನೆಗೆ ಹೋಗುವ ಆಶಾ ಅಕ್ಕಂದಿರು ನೀವಿದ್ದೀರಿ. ಜಾತ್ರೆಗೆ, ಜಯಂತಿಗೆ ಶಿಬಿರ ಹಾಕಿ, ಆಪರೇಷನ್ ಆದವರನ್ನು ಸಾಲಾಗಿ ಕೂರಿಸಿ ಫೋಟೋ ತೆಗೆಸುವ ಹಿರಿಯರು ನೀವಿದ್ದೀರಿ. ಆ ಫೋಟೋದಲ್ಲಿ ಕೂತವರಲ್ಲಿ ಯಾರು ಮರುವಾರ ತಪಾಸಣೆಗೆ ಹೋದರು, ಯಾರು ಹೋಗಲಿಲ್ಲ ಎಂದು ಒಂದು ಚೀಟಿ ಬರೆದಿಟ್ಟುಕೊಳ್ಳಿ, ಹೋಗದವರ ಮನೆಗೆ ಒಬ್ಬರನ್ನು ಕಳಿಸಿ. ಶಿಬಿರದಲ್ಲಿ ಪೊರೆಯ ಜೊತೆ ಕಣ್ಣಿನ ಒತ್ತಡವನ್ನೂ ಅಳೆಯಿರಿ ಎಂದು ಪಟ್ಟು ಹಿಡಿಯಿರಿ, ಕೆಂಪು ಕಣ್ಣಿನವರನ್ನು ಬೇರೆಯಾಗಿ ಕೂರಿಸಿ ಕಾರಣ ಹುಡುಕಿಸಿ. ಯಾದಗಿರಿಗೆ ಈಗ ವೈದ್ಯಕೀಯ ಕಾಲೇಜು ಬಂದಿದೆ. ಗ್ಲಾಕೋಮಾ ಆಪರೇಷನ್ ಆದವರ ಮುಂದಿನ ತಪಾಸಣೆ ನಮ್ಮ ಜಿಲ್ಲೆಯಲ್ಲೇ ಆಗಲಿ ಎಂದು ಕೇಳುವುದು ಜನರ ಹಕ್ಕು, ಕೇಳಬಲ್ಲ ದನಿ ಇರುವುದು ನಿಮಗೆ.

ಕಣ್ಣಿನ ವೈದ್ಯರಿಗೂ ಒಂದು ಬಿನ್ನಹ. ನಿಮ್ಮ ಹೊರಗಿನ ಸಾಲು ಎಷ್ಟು ಉದ್ದವಿರುತ್ತದೆಂದು ಬಲ್ಲೆ, ಒಬ್ಬ ರೋಗಿಗೆ ನಿಮಗೆ ಸಿಗುವ ನಿಮಿಷಗಳೆಷ್ಟೆಂದೂ ಬಲ್ಲೆ. ಆ ನಿಮಿಷಗಳಲ್ಲಿ ಒಂದನ್ನು ಜೊತೆಗೆ ಬಂದ ಮಗಳಿಗೆ ಕೊಡಿ. "ಈ ಕಣ್ಣು ಕೆಂಪಾದರ ನನಗ ಸುದ್ದಿ ಮುಟ್ಟಬೇಕವ್ವಾ" ಎಂದು ಅವಳ ಮಾತಿನಲ್ಲೇ ಹೇಳಿ. ಯಾಕೆಂದರೆ ವರ್ಷಗಳು ಕಳೆದ ಮೇಲೂ ಆ ತೆಳು ಗುಳ್ಳೆಗೆ ಸೋಂಕು ತಗಲಬಹುದು. ಆಗ ಬರುವ ಕೆಂಪು, ನೋವು, ಕೀವಿನ ಪಿಸುರಿಗೆ ಅದೇ ದಿನ ಚಿಕಿತ್ಸೆ ಸಿಗದಿದ್ದರೆ ಇಡೀ ಕಣ್ಣೇ ಹೋಗಬಹುದು. ಅವಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹೇಳಿದ್ದರೆ ಅವಳು ಓಡಿ ಬರುತ್ತಿದ್ದಳು.

ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಊಟ ಆಯಿತೇ, ಮಳೆ ಬಂತೇ ಎಂದು ಕೇಳುವಿರಲ್ಲ, ಅದರ ಜೊತೆಗೆ ಇದನ್ನೂ ಕೇಳಿ: "ಆಯೀ, ಕಣ್ಣು ಕೆಂಪಾಗ್ಯಾವೇನು? ಯಾವ ಔಷಧ ಬಿಡ್ಲಿಕ್ಕತ್ತೀದಿ, ಎಲ್ಲಿಂದ ತಂದದ್ದು, ಎಷ್ಟು ದಿನ ಆಯ್ತು?" ಆಕೆ "ಏನಿಲ್ಲ ಬಿಡಪ್ಪಾ, ಧೂಳ ಹೊಕ್ಕದ" ಅನ್ನುತ್ತಾಳೆ. ಅಲ್ಲಿಗೆ ಫೋನ್ ಇಡಬೇಡಿ. ಪಕ್ಕದ ಮನೆಯ ಹುಡುಗನನ್ನು ಕರೆಸಿ, ವಿಡಿಯೋ ಕಾಲ್ ಹಚ್ಚಿಸಿ, ದೀಪದ ಕೆಳಗೆ ಆಕೆಯ ಎರಡೂ ಕಣ್ಣನ್ನು ನೋಡಿ, ಬಾಟಲಿಯ ಹೆಸರು ಓದಿಸಿ, ನಾಳೆ ಬೆಳಗಿನ ಬಸ್ಸಿಗೆ ಆಕೆಯನ್ನು ಯಾದಗಿರಿಗೆ ಕರೆದುಕೊಂಡು ಹೋಗುವವರು ಯಾರು ಎಂದು ಗೊತ್ತುಮಾಡಿಕೊಂಡು, ಅವರ ಕೈಗೆ ಬಸ್ಸಿನ ರೊಕ್ಕ ಕಳಿಸಿ.